ಅಳಿಲು ಎಲ್ಲಿ ಹೋಯ್ತು?

2011ರ 'ಥಾರ್' ಸಿನಿಮಾದಲ್ಲಿ ನನಗಿಷ್ಟವಾದ ದೃಶ್ಯದಲ್ಲಿ ಹೊಡೆದಾಟವೇ ಇಲ್ಲ. ನ್ಯೂ ಮೆಕ್ಸಿಕೋದ ಪುಟ್ಟ ಊರು, ತಾರಸಿ, ಪಕ್ಕದಲ್ಲಿ ಬೆಂಕಿ. ಥಾರ್ ಮಹಾಶಯ ಜೇನ್‌ಳ ನೋಟ್‌ಬುಕ್ಕಿನಲ್ಲಿ ಒಂಬತ್ತು ಲೋಕಗಳನ್ನು ಗೀಚಿ ತೋರಿಸ್ತಾನೆ. ಅವನ್ನೆಲ್ಲ ಜೋಡಿಸೋದು ಇಗ್‌ಡ್ರಸಿಲ್ ಅನ್ನೋ ಮರ. ಅಲ್ಲಿ ಅದರ ಅಳತೆ ಒಂದು ಗೇಣು, ಅಷ್ಟೆ. ಅದೇ ಸಿನಿಮಾ ಮುಗಿದು ಹೆಸರುಗಳು ಬರುವಾಗ ನೋಡಿ, ನಕ್ಷತ್ರಧೂಳಿನ ಕೊಂಬೆಗಳ ನಡುವೆ ಕ್ಯಾಮೆರಾ ಹಾರ್ತಾನೇ ಇರುತ್ತೆ.

ಹಾಗಾದ್ರೆ ಮರ ಎಷ್ಟು ದೊಡ್ಡದು? ನಮ್ಮ ಸೂರ್ಯ ಬಿಟ್ಟರೆ ಅತಿ ಹತ್ತಿರದ ನಕ್ಷತ್ರದ ಬೆಳಕು ಇಲ್ಲಿಗೆ ಬರೋಕೇ ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಲೋಕಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ ಒಂದು ರೆಂಬೆಯ ಉದ್ದವೇ ಜ್ಯೋತಿರ್ವರ್ಷಗಳಲ್ಲಿ. ಸರಿ, ದೊಡ್ಡದೇ. ಆದರೆ ಬೈಫ್ರಾಸ್ಟ್ ಹತ್ತಿದರೆ ಕಣ್ಣು ಮಿಟುಕಿಸೋದ್ರೊಳಗೆ ಜೋತುನ್‌ಹೈಮ್ ತಲುಪಬಹುದು. ಯಾರೂ ಕೊಂಬೆಯಿಂದ ಕೊಂಬೆಗೆ ಏದುಸಿರು ಬಿಡುತ್ತಾ ಹತ್ತಬೇಕಿಲ್ಲ ಅಂದ್ಮೇಲೆ ಆ ಮರ ಎಷ್ಟು ದೊಡ್ಡದಿದ್ದರೇನು? 2013ರ 'ದ ಡಾರ್ಕ್ ವರ್ಲ್ಡ್' ಅಂತೂ ಐದು ಸಾವಿರ ವರ್ಷಕ್ಕೊಮ್ಮೆ ಲೋಕಗಳನ್ನು ಸಾಲಾಗಿ ನಿಲ್ಲಿಸಿ ಮರವನ್ನು ಹೆಚ್ಚುಕಡಿಮೆ ಮರೆತೇಬಿಡ್ತು.

13ನೇ ಶತಮಾನದ ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ಬರೆದ ಎಡ್ಡಾದಲ್ಲೂ ಈ ಮರ ಸಣ್ಣದಲ್ಲ. ಕೊಂಬೆಗಳು ಇಡೀ ಲೋಕದ ಮೇಲೆ ಹರಡಿ ಆಕಾಶಕ್ಕಿಂತ ಮೇಲಕ್ಕೆ ಹೋಗಿವೆ. ಆದರೆ ಅಲ್ಲಿ ಅಳತೆ ಹೇಳೋದು ಪ್ರಾಣಿಗಳು. ತುದಿಯಲ್ಲಿ ಹದ್ದು, ಬುಡದಲ್ಲಿ ಬೇರು ಕಡಿಯೋ ನಿಡ್‌ಹಾಗ್. ಇವರಿಬ್ಬರ ಬೈಗುಳ ಹೊತ್ತುಕೊಂಡು ರಾಟಟೋಸ್ಕ್ ಅನ್ನೋ ಅಳಿಲು ದಿನವಿಡೀ ಮೇಲೆ ಕೆಳಗೆ ಓಡ್ತಿರುತ್ತೆ. (ಆಫೀಸಿನಲ್ಲಿ ಇಂಥವರನ್ನು ನೀವೂ ನೋಡಿರ್ತೀರಿ.) ನಾಲ್ಕು ಸಾರಂಗಗಳು ಚಿಗುರು ಮೇಯ್ತವೆ. ಮರದ ಒಂದು ಮಗ್ಗುಲು ಕೊಳೀತಾ ಇದೆ. ಅದು ಪೂರ್ತಿ ಕೊಳೆಯದಿರಲಿ ಅಂತ ನಾರ್ನ್‌ಗಳು ದಿನಾ ಉರ್ಡ್ ಬಾವಿಯ ನೀರು, ಕೆಸರು ತಂದು ಸುರೀತಾರೆ. ಎಲ್ಲ ಲೋಕ ಹೊತ್ತಿರೋ ಮರಕ್ಕೆ ದಿನಾ ನೀರು ಹಾಕಬೇಕು! ಅಷ್ಟು ದೊಡ್ಡದು, ಅಷ್ಟೇ ನಾಜೂಕು. ಮಾರ್ವೆಲ್‌ನ ಗ್ರಾಫಿಕ್ಸ್ ದುಡ್ಡಿಗೆ ಸಿಗದೇ ಹೋಗಿದ್ದು ಇದೇ.

'ಕ್ಯಾಪ್ಟನ್ ಅಮೆರಿಕ'ದ ಮೊದಲ ಭಾಗಕ್ಕೆ ಇದು ಸ್ವಲ್ಪ ಸಿಕ್ಕಿತ್ತು ಅನ್ನಿಸುತ್ತೆ. ನಾರ್ವೆಯ ಟೋನ್ಸ್‌ಬರ್ಗ್‌ನ ಗೋಡೆಯ ಮೇಲೆ ಮರದ ಕೆತ್ತನೆ. ಅದರಲ್ಲಿರೋ ಹಾವಿನ ಕಣ್ಣು ಒತ್ತಿದರೆ ಟೆಸರಾಕ್ಟ್. ಗೋಡೆಯಷ್ಟೇ ಮರ, ಆದರೂ ಮೈ ಜುಮ್ಮೆನ್ನುತ್ತೆ.

ಆಮೇಲೆ 2023ರಲ್ಲಿ 'ಲೋಕಿ' ಎರಡನೇ ಸೀಸನ್ನಿನ ಕೊನೆ ಬಂತು. (ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ.) ಈ ಸಲ ಮರ ಎಲ್ಲಕ್ಕಿಂತ ದೊಡ್ಡದು, ಕಾಲದ ಕವಲುಗಳೆಲ್ಲ ಅದರ ಕೊಂಬೆಗಳು. ಮತ್ತೆ ಅದೇ ಕಥೆ ಅಂತ ಗೊಣಗಿಕೊಂಡೇ ನೋಡ್ತಿದ್ದೆ. ಆದರೆ ಅವನು ಸಾಯುತ್ತಿರೋ ಎಳೆಗಳನ್ನು ಬರಿಗೈಯಲ್ಲಿ ಹಿಡಿದು, ಎಳೆದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿದ. ಕೊನೆಗೆ ಮರದ ನಡುವೆ ಒಬ್ಬನೇ ಕೂತ. ಇನ್ನು ಅವನು ಎದ್ದು ಹೋಗೋ ಹಾಗಿಲ್ಲ, ಕೈ ಬಿಡೋ ಹಾಗಿಲ್ಲ. ನೀರು ಹಾಕೋ ಕೆಲಸಕ್ಕೆ ಅಂತೂ ಒಬ್ಬ ಸಿಕ್ಕ. ಅಳಿಲು ಮಾತ್ರ ಅಲ್ಲೂ ಕಾಣಲಿಲ್ಲ.