ಲಕ್ಷಣದಿಂದ ರಚನೆಗೆ: ಗಡಿಯಾಚೆಯ ಕನ್ನಡ ತರಗತಿಯಲ್ಲಿ ಉಪಮೆ ಮತ್ತು ಪ್ರಾಸ

ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಅಲಂಕಾರಕ್ಕೆ ಮೀಸಲಾದ ಪುಟಗಳು ಬಹುಕಾಲದಿಂದ ಒಂದೇ ಬಗೆಯ ಪ್ರಶ್ನೆಯ ಸುತ್ತ ರೂಪುಗೊಂಡಿವೆ: ಕೊಟ್ಟಿರುವ ವಾಕ್ಯದ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಬೇಕು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಈ ನಾಲ್ಕನ್ನೂ ಬೇರ್ಪಡಿಸಿ ತೋರಿಸಿದರೆ ಪೂರ್ಣ ಅಂಕ. ಆದರೆ 13ರಿಂದ 15ರ ವಯಸ್ಸಿನ ಅದೇ ವಿದ್ಯಾರ್ಥಿ ಶಾಲೆಯ ಕೈಬರಹದ ಪತ್ರಿಕೆಗೆ ಸ್ವಂತ ಪದ್ಯ ಬರೆಯಲು ಕುಳಿತಾಗ ಈ ಪರಿಭಾಷೆಯಿಂದ ಯಾವ ನೆರವೂ ಒದಗುವುದಿಲ್ಲ. ತಾಯಿಯ ಮುಖ ಚಂದ್ರನಂತಾಗುತ್ತದೆ, ಕಣ್ಣು ಕಮಲದಂತಾಗುತ್ತದೆ; ಚಂದ್ರನೂ ಕಮಲವೂ ಪಾಠಪುಸ್ತಕದಿಂದ ಎರವಲು ಬಂದವು. ಗುರುತಿಸಬಲ್ಲ ಶಕ್ತಿ ಕಟ್ಟಬಲ್ಲ ಶಕ್ತಿಯಾಗಿ ಮಾರ್ಪಡದೆ ಉಳಿಯುತ್ತದೆ.

ಕನ್ನಡದ ಅಲಂಕಾರಶಾಸ್ತ್ರ ಆರಂಭವಾದದ್ದು ಹೀಗಲ್ಲ ಎಂಬುದು ಗಮನಾರ್ಹ. 9ನೆಯ ಶತಮಾನದ 'ಕವಿರಾಜಮಾರ್ಗ'ವು ಕಾವ್ಯವನ್ನು ರಚಿಸಹೊರಟವರನ್ನು ಎದುರಿಗಿಟ್ಟುಕೊಂಡು ಬರೆದ ಕೃತಿ. ಅದರ ಮೊದಲ ಪರಿಚ್ಛೇದ ದೋಷಗಳಿಗೆ ಮೀಸಲು. ಶಬ್ದಾಲಂಕಾರ, ಅರ್ಥಾಲಂಕಾರಗಳು ಕ್ರಮವಾಗಿ ಎರಡು ಮತ್ತು ಮೂರನೆಯ ಪರಿಚ್ಛೇದಗಳಲ್ಲಿ ಬರುತ್ತವೆ. ತಪ್ಪಿದ ಪ್ರಯೋಗವನ್ನೂ ತಿದ್ದಿದ ಪ್ರಯೋಗವನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವ ಅದರ ವಿಧಾನ ಇಂದಿನ ಯಾವುದೇ ಬರವಣಿಗೆಯ ಕಮ್ಮಟಕ್ಕೆ ಒಗ್ಗುವಂಥದು. ದಂಡಿಯ ಋಣವನ್ನು ಹೊತ್ತ ಗ್ರಂಥವೇ ಆದರೂ ಅದರ ಗುರಿ ಪ್ರಯೋಗ. ಶಾಲಾ ವ್ಯಾಕರಣ ಆ ಗುರಿಯನ್ನು ಕೈಬಿಟ್ಟು ವರ್ಗೀಕರಣವನ್ನಷ್ಟೇ ಉಳಿಸಿಕೊಂಡಿತು.

ಉಪಮೆಯ ನಾಲ್ಕು ಅಂಗಗಳು ರಚನೆಯ ಸಾಧನಗಳಾಗುವುದು ಹೇಗೆ? ಕಾಸರಗೋಡಿನ ಗುಡ್ಡಗಾಡಿನ ಶಾಲೆಯೊಂದರ ಮಗುವಿಗೆ ಸುರಂಗ ಪರಿಚಿತ: ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ, ಒಳಗಿನ ಒರತೆಯನ್ನು ಹೊರಗೆ ಹರಿಸುವ ನೀರಿನ ದಾರಿ. 'ಅಜ್ಜನ ಮೌನ ಸುರಂಗದಂತೆ' ಎಂದು ಆ ಮಗು ಬರೆಯಿತೆಂದು ಭಾವಿಸೋಣ. ಲಕ್ಷಣದ ಪಾಠ ಇಲ್ಲಿಗೆ ಮುಗಿಯುತ್ತದೆ. ಸಮಾನಧರ್ಮ ಲೋಪವಾಗಿರುವುದರಿಂದ ಇದು ಲುಪ್ತೋಪಮೆ ಎಂದು ಬರೆದರಾಯಿತು. ರಚನೆಯ ಪಾಠ ಶುರುವಾಗುವುದೇ ಇಲ್ಲಿಂದ. ಮೌನವೂ ಸುರಂಗವೂ ಯಾವುದರಲ್ಲಿ ಒಂದು? ಕತ್ತಲೆಯಲ್ಲೇ, ಉದ್ದದಲ್ಲೇ, ಬಗ್ಗಿಕೊಂಡೇ ಒಳಹೋಗಬೇಕಾದ ಇಕ್ಕಟ್ಟಿನಲ್ಲೇ, ಕೊನೆಯಲ್ಲಿ ತೊಟ್ಟಿಕ್ಕುವ ನೀರಿನಲ್ಲೇ? ಒಂದೊಂದು ಉತ್ತರಕ್ಕೂ ಒಂದೊಂದು ಮುಂದಿನ ಸಾಲು. ಕತ್ತಲೆಯನ್ನು ಆರಿಸಿಕೊಂಡ ಪದ್ಯದಲ್ಲಿ ಅಜ್ಜ ಭಯ ಹುಟ್ಟಿಸುತ್ತಾನೆ. ನೀರನ್ನು ಆರಿಸಿಕೊಂಡ ಪದ್ಯದಲ್ಲಿ ಅದೇ ಅಜ್ಜ ಮನೆಯನ್ನು ಪೊರೆಯುತ್ತಾನೆ. ಸಮಾನಧರ್ಮವನ್ನು ಹೇಳಬೇಕೋ ಬಿಡಬೇಕೋ ಎಂಬುದು ಎರಡನೆಯ ನಿರ್ಧಾರ. ಹೀಗೆ ಪೂರ್ಣೋಪಮೆ, ಲುಪ್ತೋಪಮೆಗಳ ಭೇದ ಬರೆಯುವ ಮಗುವಿನ ಎದುರಿಗೆ ಎರಡು ದಾರಿಗಳಾಗಿ ನಿಲ್ಲುತ್ತದೆ. ಲಕ್ಷಣವನ್ನು ಕಲಿಸಬಾರದೆಂದಲ್ಲ, ಮಗುವಿನ ಸ್ವಂತ ಸಾಲು ಹುಟ್ಟಿದ ಮೇಲೆ ಕಲಿಸಿದರೆ ಅದಕ್ಕೊಂದು ಕೆಲಸ ಸಿಗುತ್ತದೆ.

ಇದಕ್ಕೆ ಪ್ರತಿಯಾಗಿ, ಲಕ್ಷಣದ ಗೊಡವೆಯೇ ಬೇಡ, ಮಕ್ಕಳು ಮುಕ್ತವಾಗಿ ಬರೆಯಲಿ ಎಂಬ ಚಟುವಟಿಕೆ ಆಧಾರಿತ ಬೋಧನೆಯ ನಿಲುವೊಂದಿದೆ. 'ಸಾಲುಗಳನ್ನು ಮುಂದುವರಿಸಿ' ಎಂಬಂಥ ಅಭ್ಯಾಸಗಳು ಅದರ ಫಲ. ಉದ್ದೇಶ ಉದಾರವಾದದ್ದು, ಫಲಿತಾಂಶ ಹೆಚ್ಚಾಗಿ ನೀರಸ. ಕಾರಣ ಭಾಷೆಯ ರಚನೆಯಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಲಿಂಗವಚನದ ಪ್ರತ್ಯಯಗಳು ಅದರ ತುದಿಗೆ ಅಂಟುತ್ತವೆ. ಬಂದಿತು, ನಿಂದಿತು, ಓಡಿತು, ಹಾಡಿತು: ಅಂತ್ಯಪ್ರಾಸವನ್ನು ವ್ಯಾಕರಣವೇ ಪುಕ್ಕಟೆಯಾಗಿ ಕೊಟ್ಟುಬಿಡುತ್ತದೆ. ಹುಡುಕಾಟವಿಲ್ಲದೆ ದೊರೆತ ಪ್ರಾಸ ಕಿವಿಗೂ ಏನನ್ನೂ ಕಲಿಸದು, ಪದಸಂಪತ್ತಿಗೂ ಏನನ್ನೂ ಸೇರಿಸದು.

ಆದಿಪ್ರಾಸದ ಸಂಗತಿ ಬೇರೆ. ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಹಿಂದಿನ ಸ್ವರದ ಹ್ರಸ್ವದೀರ್ಘವೂ ಹೊಂದಬೇಕು. ಆದ್ದರಿಂದ ಮಳೆಗೆ ಹೊಳೆ, ಗಿಳಿ, ಚಳಿ, ಬೆಳಕುಗಳು ಜತೆಯಾಗುತ್ತವೆ, ಬಾಳೆ ಆಗುವುದಿಲ್ಲ. ಸಿಂಹಪ್ರಾಸ, ಗಜಪ್ರಾಸ ಎಂಬ ಹೆಸರುಗಳನ್ನು ಆಮೇಲೆ ಹೇಳಿದರೂ ನಡೆಯುತ್ತದೆ. ಮಳೆ–ಬಾಳೆಯ ಅಪಶ್ರುತಿ ಮಗುವಿನ ಕಿವಿಗೆ ಮೊದಲೇ ತಿಳಿದಿರುತ್ತದೆ. ಮಾದರಿಗೆಂದು ಎರಡು ಸಾಲು:

ಮಳೆಯು ಬಂದಿತು ಗುಡ್ಡದಾಚೆಗೆ
ಹೊಳೆಯ ಬದಿಯಲಿ ಕೊಡೆಯು ನಡೆಯಿತು

ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಈ ನಡೆ ಭಾಮಿನಿ ಷಟ್ಪದಿಯದು. ಕೊಡೆ ತಾನಾಗಿ ನಡೆಯದು, ಅದರಡಿಯ ಮನುಷ್ಯ ನಡೆಯುತ್ತಾನೆ. ಆ ಮನುಷ್ಯನನ್ನು ಮರೆಮಾಡಿದ ಜಾಣ್ಮೆ ಲಕ್ಷಣಗ್ರಂಥದ ಅರಿವಿಲ್ಲದವರಿಗೂ ಸಾಧ್ಯ. ಪಾರ್ತಿಸುಬ್ಬನ ಹೆಸರಿನಲ್ಲಿ ನಿಂತಿರುವ ರಾಮಾಯಣ ಪ್ರಸಂಗಗಳ ನಾಡಾದ ಕುಂಬಳೆ ಸೀಮೆಯಲ್ಲಿ ಭಾಗವತರ ಬಾಯಿಂದ ಆದಿಪ್ರಾಸ ಇಂದಿಗೂ ಕೇಳಿಸುತ್ತದೆ. ರಾತ್ರಿಯ ಆಟದಲ್ಲಿ ಜೀವಂತವಾಗಿರುವುದು ಮರುದಿನದ ತರಗತಿಯಲ್ಲಿ ಹಳಗನ್ನಡದ ಅವಶೇಷವಾಗಿ ಪರಿಚಯವಾಗುವುದು ವಿಚಿತ್ರವೇ ಸರಿ.

ಪ್ರಾಸವನ್ನು ಬಿಟ್ಟವರೂ ಇದೇ ನೆಲದವರಲ್ಲವೇ ಎಂಬ ಆಕ್ಷೇಪ ಬರಬಹುದು. 1911ರ ಸುಮಾರಿಗೆ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ತ್ಯಜಿಸಿದರು, ವಿರೋಧವನ್ನೂ ಎದುರಿಸಿದರು. ಆದರೆ ಅವರು ಛಂದಸ್ಸನ್ನು ತ್ಯಜಿಸಲಿಲ್ಲ. ಪ್ರಾಸದ ಮೇಲೆ ಹಿಡಿತವಿದ್ದೇ ಅದನ್ನು ಬಿಟ್ಟರು. ಮಲಯಾಳದಲ್ಲಿ 19ನೆಯ ಶತಮಾನದ ಕೊನೆಗೆ ಹುಟ್ಟಿ ಮುಂದಿನ ಶತಮಾನಕ್ಕೂ ಮುಂದುವರಿದ ದ್ವಿತೀಯಾಕ್ಷರಪ್ರಾಸ ವಿವಾದದಲ್ಲಿ ಕೇರಳವರ್ಮ ವಲಿಯ ಕೋಯಿತ್ತಂಬುರಾನ್ ಒಂದು ಕಡೆ, ಅವರ ಸೋದರಳಿಯ ಎ. ಆರ್. ರಾಜರಾಜವರ್ಮ ಇನ್ನೊಂದು ಕಡೆ ನಿಂತರು. ನೆರೆಹೊರೆಯ ಎರಡು ಭಾಷೆಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಂದೇ ಅಕ್ಷರಕ್ಕಾಗಿ ಜಗಳವಾಡಿದ ಈ ಕತೆ ಎರಡನ್ನೂ ಓದುವ ಕಾಸರಗೋಡಿನ ವಿದ್ಯಾರ್ಥಿಗೆ ಎರಡು ಪಾಠಗಳಲ್ಲಿ ತುಂಡುತುಂಡಾಗಿಯೂ ಸಿಗುವುದು ಅಪರೂಪ.

ಗಡಿಯಾಚೆಯ ಉಳಿದ ಕನ್ನಡ ಶಾಲೆಗಳಲ್ಲಿ ಈ ಇಬ್ಬಂದಿ ಬೇರೆ ರೂಪ ತಾಳುತ್ತದೆ. ಜತ್ತ, ಅಕ್ಕಲಕೋಟೆಗಳ ಮಗುವಿಗೆ ಮರಾಠಿ ತರಗತಿಯ 'ಯಮಕ'ವೆಂದರೆ ಸಾಲಿನ ಕೊನೆಯ ಪ್ರಾಸ. ಕನ್ನಡ ತರಗತಿಯ 'ಯಮಕ'ವೆಂದರೆ ಅರ್ಥಭೇದದೊಡನೆ ಅಕ್ಷರಗುಂಪಿನ ಆವರ್ತನೆ. ತಾಳವಾಡಿ, ಹೊಸೂರಿನ ಮಗು ತಮಿಳಿನಲ್ಲಿ 'ಎದುಗೈ' ಎಂದು ಕಲಿಯುವುದು ನಮ್ಮ ಆದಿಪ್ರಾಸವನ್ನೇ. ರಾಯದುರ್ಗ, ಮಡಕಶಿರದ ಮಗುವಿನ ತೆಲುಗು ಪದ್ಯದಲ್ಲಿ ಪ್ರಾಸದ ಜತೆಗೆ ಯತಿಮೈತ್ರಿಯೂ ಇರುತ್ತದೆ. ಹೆಸರೊಂದು ವಸ್ತುವೆರಡು, ವಸ್ತುವೊಂದು ಹೆಸರೆರಡು ಎಂಬ ಈ ಸ್ಥಿತಿ ಪಾರಿಭಾಷಿಕ ಪದಕ್ಕೆ ಜೋತುಬಿದ್ದ ಬೋಧನೆಯಲ್ಲಿ ಗೊಂದಲವಾಗಿ ಕಾಣುತ್ತದೆ. ಧ್ವನಿಯಿಂದ ಹೊರಟ ಬೋಧನೆಗೆ ಅದೇ ಬಂಡವಾಳ.

ಕೆಂಪು ಶಾಯಿಯ ಪ್ರಶ್ನೆಯೂ ಇದರೊಡನೆ ಸೇರಿದೆ. ಕಾಸರಗೋಡಿನ ತರಗತಿಯಲ್ಲಿ ಮನೆಮಾತು ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಹವ್ಯಕ ಯಾವುದೂ ಆಗಿರಬಹುದು. ಮಗುವಿನ ಸಾಲೊಂದು ಕರಾವಳಿಯ 'ತೋಡು' ಎಂಬ ಪದದಿಂದ ಆರಂಭವಾಗಿ ಮುಂದಿನ ಸಾಲು 'ಕಾಡು' ಎಂದು, ಅದರ ಮುಂದಿನದು 'ಬೀಡು' ಎಂದು ಶುರುವಾದರೆ ಅಲ್ಲಿ ಅಚ್ಚುಕಟ್ಟಾದ ಗಜಪ್ರಾಸವಿದೆ. ಗ್ರಾಂಥಿಕ ಕನ್ನಡದ ಮೇಲಿನ ಪ್ರೀತಿಯಿಂದ ಅಧ್ಯಾಪಕರು ತೋಡನ್ನು 'ಕಾಲುವೆ' ಎಂದು ತಿದ್ದಿದೊಡನೆ ಪ್ರಾಸ ಮುರಿಯುತ್ತದೆ, ಗುಡ್ಡದಿಂದ ತಾನಾಗಿ ಇಳಿದುಬರುವ ನೀರು ಮನುಷ್ಯರು ತೋಡಿದ ನೀರಾಗುತ್ತದೆ. ತೋಡು ತನ್ನ ಮಾತು, ಕಾಲುವೆ ಶಾಲೆಯ ಮಾತು ಎಂದು ಗ್ರಹಿಸಿದ ವಿದ್ಯಾರ್ಥಿ ಮುಂದಿನ ಪದ್ಯದಲ್ಲಿ ಚಂದ್ರನಿಗೂ ಕಮಲಕ್ಕೂ ಹಿಂದಿರುಗುತ್ತಾನೆ. ಇಲ್ಲವೇ ಕನ್ನಡದಲ್ಲಿ ಬರೆಯುವುದನ್ನೇ ಬಿಡುತ್ತಾನೆ.