ಸ್ವೀಡನ್ನಿನ ಸಸ್ಪೆನ್ಸ್ ಅಕೌಂಟು

ಪತ್ತೇದಾರಿ ಕಾದಂಬರಿ ಓದುವವರನ್ನು ನಮ್ಮಲ್ಲಿ ಸ್ವಲ್ಪ ಹಗುರವಾಗಿಯೇ ನೋಡುತ್ತಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದವರೂ ದೊಡ್ಡವರಾದ ಮೇಲೆ ಅದನ್ನು ಹೇಳಿಕೊಳ್ಳುವುದಿಲ್ಲ. ನಾನು ಹೇಳಿಕೊಳ್ಳುತ್ತೇನೆ. ಬ್ಯಾಂಕಿನ ನೌಕರಿಗಾಗಿ ಡೊಂಬಿವಲಿಯಿಂದ ಫೋರ್ಟ್‌ಗೆ ಲೋಕಲ್ ಟ್ರೇನಿನಲ್ಲಿ ಓಡಾಡಿದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಓದಿದ್ದು ಕೊಲೆಯ ಕಥೆಗಳನ್ನೇ. ಅದರಲ್ಲೂ ಹೆಚ್ಚಾಗಿ ಸ್ವೀಡನ್ನಿನ ಕೊಲೆಗಳನ್ನು, ಇಂಗ್ಲಿಷ್ ಅನುವಾದದಲ್ಲಿ.

ಇಂಗ್ಲಿಷರ ಪತ್ತೇದಾರಿ ಕಥೆಯಲ್ಲಿ ಒಬ್ಬ ಬುದ್ಧಿವಂತ ಇರುತ್ತಾನೆ. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಲೆಕ್ಕ ಚುಕ್ತಾ ಮಾಡುತ್ತಾನೆ. ಸ್ವೀಡನ್ನಿನವರದು ಹಾಗಲ್ಲ. ಮಾಯ್ ಶೋವಾಲ್ ಮತ್ತು ಪೆರ್ ವಾಲೂ ಜೋಡಿ 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯನ್ನಿಟ್ಟುಕೊಂಡು ಹತ್ತು ಕಾದಂಬರಿ ಬರೆದರು. ಮಕ್ಕಳು ಮಲಗಿದ ಮೇಲೆ ರಾತ್ರಿ ಕೂತು, ಒಂದು ಅಧ್ಯಾಯ ಅವರು, ಒಂದು ಅಧ್ಯಾಯ ಇವರು. ಮೊದಲನೆಯದು 'ರೋಸೆಆನ್ನಾ'. ಕಾಲುವೆಯ ಹೂಳೆತ್ತುವಾಗ ಒಬ್ಬ ಹೆಣ್ಣುಮಗಳ ಹೆಣ ಸಿಗುತ್ತದೆ. ಅವಳ ಹೆಸರು ತಿಳಿಯುವುದಕ್ಕೇ ವಾರಗಟ್ಟಲೆ ಬೇಕು. ಆಮೇಲೆ, ಅವಳಿದ್ದ ಹಡಗಿನ ಪ್ರವಾಸಿಗಳನ್ನು ದೇಶದೇಶಗಳಲ್ಲಿ ಹುಡುಕಿ, ಅವರು ತೆಗೆದ ಫೋಟೋಗಳನ್ನು ತರಿಸಿ, ಒಂದೊಂದನ್ನೂ ನೋಡುತ್ತಾರೆ. ಬೆಕ್‌ಗೆ ಹೊಟ್ಟೆ ಸರಿಯಿಲ್ಲ, ಮನೆಯಲ್ಲಿ ನೆಮ್ಮದಿಯಿಲ್ಲ. ಆದರೂ ಫೈಲು ಬಿಡುವುದಿಲ್ಲ.

ಓದುತ್ತಾ ನನಗೆ ಇದು ನಮ್ಮ ಇನ್‌ಸ್ಪೆಕ್ಷನ್ ಕೆಲಸವಲ್ವೇ ಅನಿಸಿತು. ವೋಚರ್ ಮೇಲೆ ವೋಚರ್ ತಿರುವಿ, ಮೂರನೇ ದಿನ ಸಂಜೆ ಒಂದು ತಪ್ಪು ಸಹಿ ಕಣ್ಣಿಗೆ ಬೀಳುವುದುಂಟಲ್ಲ, ಆ ತಾಳ್ಮೆಯೇ ಇಲ್ಲಿ ಕಥಾನಾಯಕ.

ಬ್ಯಾಂಕಿನಲ್ಲಿ 'ಸಸ್ಪೆನ್ಸ್ ಅಕೌಂಟು' ಅಂತ ಒಂದಿದೆ. ಯಾವ ಖಾತೆಗೆ ಹಾಕಬೇಕು ಅಂತ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿ ಇಡುತ್ತೇವೆ. ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ಕೇಳುವ ಲೆಕ್ಕಗಳಲ್ಲಿ ಅದೂ ಒಂದು. ಸ್ವೀಡನ್ನಿನ ಒಳ್ಳೆಯ ಕಾದಂಬರಿಗಳ ಸಸ್ಪೆನ್ಸು ಈ ಅರ್ಥದ್ದು. ಕೊಲೆಗಾರ ಸಿಗುತ್ತಾನೆ, ಆದರೆ ಒಂದು ಮೊತ್ತ ಎಲ್ಲೂ ಹೊಂದದೆ ಉಳಿದುಬಿಡುತ್ತದೆ. ಶೋವಾಲ್-ವಾಲೂ ತಮ್ಮ ಹತ್ತೂ ಪುಸ್ತಕಗಳನ್ನು ಸೇರಿಸಿ 'ಒಂದು ಅಪರಾಧದ ಕಾದಂಬರಿ' ಎಂಬ ಅರ್ಥದ ಒಂದೇ ಹೆಸರು ಕೊಟ್ಟಿದ್ದರು. ಎಡಪಂಥೀಯರಾದ ಅವರ ದೃಷ್ಟಿಯಲ್ಲಿ ಆ ಅಪರಾಧ ಸರ್ಕಾರದ್ದು: ಎಲ್ಲರ ಕ್ಷೇಮ ನೋಡಿಕೊಳ್ಳುತ್ತೇನೆ ಅಂದ ರಾಜ್ಯ ದುಡಿಯುವವರ ಕೈಬಿಟ್ಟದ್ದು. ಕಡೆಕಡೆಯ ಪುಸ್ತಕಗಳಲ್ಲಿ ಈ ಸಿಟ್ಟು ಭಾಷಣವಾಗಿ ಕಥೆಯನ್ನು ಕುಂಟಿಸುತ್ತದೆ ಎಂಬುದೂ ನಿಜ. ಆದರೆ ಕೊನೆಯ ಕಾದಂಬರಿ 'ದಿ ಟೆರರಿಸ್ಟ್ಸ್'ನಲ್ಲಿ ಸ್ವೀಡನ್ನಿನ ಪ್ರಧಾನಿಯ ಕೊಲೆಯಾಗುತ್ತದೆ. ಅದು ಬಂದದ್ದು 1975ರಲ್ಲಿ. ಹನ್ನೊಂದು ವರ್ಷದ ಮೇಲೆ, 1986ರ ಫೆಬ್ರವರಿ 28ರ ರಾತ್ರಿ, ಪ್ರಧಾನಿ ಓಲೋಫ್ ಪಾಲ್ಮೆ ಹೆಂಡತಿಯ ಜೊತೆ ಸಿನಿಮಾ ನೋಡಿ ನಡೆದುಕೊಂಡು ಹೋಗುವಾಗ ನಿಜವಾಗಿಯೇ ಗುಂಡಿಗೆ ಬಲಿಯಾದರು. ಕೆಳಗಿನ ಕೋರ್ಟು 1989ರಲ್ಲಿ ಒಬ್ಬನಿಗೆ ಶಿಕ್ಷೆ ಕೊಟ್ಟಿತು, ಅದೇ ವರ್ಷ ಮೇಲಿನ ಕೋರ್ಟು ಅವನನ್ನು ಬಿಟ್ಟಿತು. 2020ರಲ್ಲಿ ತನಿಖೆ ಮುಚ್ಚಿದರು. ಇಡೀ ದೇಶದ ಸಸ್ಪೆನ್ಸ್ ಅಕೌಂಟಿನಲ್ಲಿ ಇದಕ್ಕಿಂತ ದೊಡ್ಡ ಎಂಟ್ರಿ ಯಾವುದಿದೆ?

ಇವರ ನಂತರ ಬಂದವರಲ್ಲಿ ನನಗೆ ಹತ್ತಿರದವನು ಹೆನ್ನಿಂಗ್ ಮ್ಯಾಂಕೆಲ್. ಅವನು ವರ್ಷದ ಒಂದು ಭಾಗ ಸ್ವೀಡನ್ನಿನಲ್ಲಿ, ಒಂದು ಭಾಗ ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಇದ್ದು ಅಲ್ಲಿ ನಾಟಕ ಮಾಡಿಸುತ್ತಿದ್ದ. ಹೊರಗಿದ್ದು ಬಂದ ಕಣ್ಣಿಗೆ ತನ್ನ ಊರಿನಲ್ಲಿ ಪರಕೀಯರ ಬಗ್ಗೆ ಬೆಳೆಯುತ್ತಿದ್ದ ದ್ವೇಷ ಕಾಣಿಸಿತು. ಅದನ್ನು ಬರೆಯಲೆಂದೇ ಕುರ್ಟ್ ವಲಾಂಡರ್ ಎಂಬ ಪೊಲೀಸನನ್ನು ಹುಟ್ಟಿಸಿದ. 1991ರಲ್ಲಿ ಬಂದ ಮೊದಲ ಕಾದಂಬರಿ 'ಫೇಸ್‌ಲೆಸ್ ಕಿಲ್ಲರ್ಸ್'. ಒಂಟಿ ತೋಟದ ಮನೆಯಲ್ಲಿ ವೃದ್ಧ ದಂಪತಿಯ ಮೇಲೆ ಹಲ್ಲೆ. ಸಾಯುವ ಮೊದಲು ಅಜ್ಜಿ ಹೇಳುವುದು ಒಂದೇ ಮಾತು, 'ವಿದೇಶಿ' ಅಂತ. ಆ ಮಾತು ಪೊಲೀಸ್ ಠಾಣೆಯಿಂದ ಸೋರಿ ಟಿವಿಗೆ ಹೋಗುತ್ತದೆ. ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುತ್ತದೆ. ಈ ಕೊಲೆಗೆ ಯಾವ ಸಂಬಂಧವೂ ಇಲ್ಲದ ಒಬ್ಬ ಸೋಮಾಲಿ ಗುಂಡಿಗೆ ಬಲಿಯಾಗುತ್ತಾನೆ.

ಈ ಪುಸ್ತಕವನ್ನು ನಾನು ಮುಂಬೈಯಲ್ಲಿ ಓದಿದ ಹಾಗೆ ಊರಲ್ಲಿದ್ದಿದ್ದರೆ ಓದುತ್ತಿರಲಿಲ್ಲ. 1960ರ ದಶಕದ ಕೊನೆಗೆ ಇಲ್ಲಿ ದಕ್ಷಿಣದವರ ವಿರುದ್ಧ ಗಲಾಟೆ ಎದ್ದಾಗ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದನ್ನು ನನಗಿಂತ ಹಿರಿಯ ಕನ್ನಡಿಗರು ಹೇಳುತ್ತಿದ್ದರು. ನನ್ನ ಕಾಲಕ್ಕೆ ಅಂಥದ್ದೇನೂ ಆಗಲಿಲ್ಲ, ಮರಾಠಿ ನೆರೆಹೊರೆಯವರೇ ನಮ್ಮ ಕಷ್ಟಸುಖಕ್ಕೆ ಆದವರು. ಆದರೂ 'ಹೊರಗಿನವರು' ಅನ್ನುವ ಶಬ್ದ ಕಿವಿಗೆ ಬಿದ್ದರೆ ಒಂದು ಕ್ಷಣ ತಲೆಯೆತ್ತಿ ನೋಡುವ ಅಭ್ಯಾಸ ಹೋಗಿಲ್ಲ.

ಕೊಲೆಗಾರರು ಯಾರು ಅಂತ ಹೇಳಿ ನಿಮ್ಮ ಸುಖ ಕೆಡಿಸುವುದಿಲ್ಲ. ಮ್ಯಾಂಕೆಲ್ ಮಾತ್ರ ನಮ್ಮಂಥ ವಲಸಿಗ ಓದುಗರಿಗೆ ಸುಲಭದ ಸಮಾಧಾನ ಕೊಡುವುದಿಲ್ಲ. ಅಜ್ಜಿಯ ಮಾತು ಸುಳ್ಳಾದರೆ ನಮಗೆ ಹಾಯೆನಿಸುತ್ತದೆ. ಆದರೆ ನಿಜವೇ ಆಗಿಬಿಟ್ಟರೆ? ಆಗಲೂ ಆ ಸೋಮಾಲಿಯ ಸಾವು ಸರಿಯಾಗುವುದಿಲ್ಲ, ಅದಕ್ಕೆ ರಿವರ್ಸ್ ಎಂಟ್ರಿ ಇಲ್ಲ. ವಲಾಂಡರನೂ ದೇವರಲ್ಲ. ಕುಡಿಯುತ್ತಾನೆ, ನಿರಾಶ್ರಿತರ ಬಗ್ಗೆ ಅವನ ಮನಸ್ಸಿನಲ್ಲೂ ಅನುಮಾನ ಇದೆ. ಅನುಮಾನ ಇಟ್ಟುಕೊಂಡೇ ಅವರನ್ನು ಕಾಯುತ್ತಾನೆ. ನನಗೆ ಈ ಪುಸ್ತಕ ದೊಡ್ಡದು ಅನಿಸುವುದು ಇದಕ್ಕೇ.

ಟಿವಿಯಲ್ಲಿ ಈ ವಲಾಂಡರ್ ಬೇರೆ ಬೇರೆ ರೂಪದಲ್ಲಿ ಸಿಗುತ್ತಾನೆ. ಬಿಬಿಸಿಯವರ ಸರಣಿಯಲ್ಲಿ (2008ರಿಂದ 2016) ಕೆನೆತ್ ಬ್ರಾನಾ. ಈಸ್ಟಾಡ್ ಊರಿನಲ್ಲೇ ತೆಗೆದದ್ದು. ನಮ್ಮ ಸಾಸಿವೆ ಹೊಲದಂಥ ಹಳದಿ ಬಯಲು, ದೊಡ್ಡ ಆಕಾಶ, ಆ ಮುಖದ ಮೇಲೆ ಜಗತ್ತಿನ ದುಃಖವೆಲ್ಲ. ಚೆನ್ನಾಗಿದೆ, ಆದರೆ ದುಃಖ ಸ್ವಲ್ಪ ಜಾಸ್ತಿಯಾಯಿತು. ಸ್ವೀಡಿಷ್ ಭಾಷೆಯ ಸರಣಿಯಲ್ಲಿ (2005ರಿಂದ 2013) ಕ್ರಿಸ್ಟರ್ ಹೆನ್ರಿಕ್ಸನ್. 32 ಚಿತ್ರಗಳು. ಕಾಫಿ ಕುಡಿಯುತ್ತಾನೆ, ಸಹೋದ್ಯೋಗಿಗಳ ಮೇಲೆ ರೇಗುತ್ತಾನೆ, ಮನೆಗೆ ಹೋಗಿ ಒಬ್ಬನೇ ಕೂರುತ್ತಾನೆ. ನಮ್ಮ ಯಾವುದೋ ಬ್ರಾಂಚಿನ ಹಿರಿಯ ಮ್ಯಾನೇಜರ್ ಥರ. ಸಬ್‌ಟೈಟಲ್ ಓದುವ ತಾಪತ್ರಯ ಇದ್ದರೂ ನನ್ನ ಓಟು ಇವನಿಗೇ.

ಸ್ಟೀಗ್ ಲಾರ್ಸನ್ ಬಗ್ಗೆ ಹೇಳದೆ ಇರುವಂತಿಲ್ಲ. 2004ರಲ್ಲಿ ಅವನು ತೀರಿಕೊಂಡ ಮೇಲೆ ಪ್ರಕಟವಾದ ಮೂರು ಕಾದಂಬರಿಗಳು ಜಗತ್ತನ್ನೇ ಸುತ್ತಿದವು. ಲಿಸ್ಬೆತ್ ಸಲಾಂಡರ್ ಮರೆಯಲಾಗದ ಹುಡುಗಿ, ನಿಜ. ಆದರೆ ಹೆಂಗಸರ ಮೇಲಿನ ಹಿಂಸೆಯನ್ನು ಖಂಡಿಸುತ್ತಲೇ ಅದನ್ನು ಅಷ್ಟು ವಿವರವಾಗಿ ತೋರಿಸುವುದು ನನಗೆ ಹಿಡಿಸಲಿಲ್ಲ. ಈ ಪ್ರಕಾರಕ್ಕೇ ಇರುವ ಇನ್ನೊಂದು ದೋಷ ಉತ್ಪ್ರೇಕ್ಷೆ. ಒಂದು ಕೋಟಿ ಜನರ ಆ ದೇಶದಲ್ಲಿ ನಡೆಯುವ ಕೊಲೆಗಳು ವರ್ಷಕ್ಕೆ ನೂರರ ಆಚೀಚೆ. ಕಾದಂಬರಿ ಓದಿದರೆ ಈಸ್ಟಾಡ್ ಒಂದೇ ಊರಲ್ಲಿ ಅಷ್ಟೂ ಆಗಿಹೋದಂತಿದೆ.

ಹಾಗಂತ ಇದನ್ನು ದೂರದ ಚಳಿದೇಶದ ಕಥೆ ಅಂತ ಬದಿಗಿಡಬೇಡಿ. 2012ರ ಆಗಸ್ಟಿನಲ್ಲಿ ಒಂದಿಷ್ಟು ಎಸ್ಸೆಮ್ಮೆಸ್ಸುಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ನಮ್ಮ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರಲ್ಲ, ಮುಂಬೈಯಲ್ಲಿ ಕೂತು ಅದನ್ನು ಟಿವಿಯಲ್ಲಿ ನೋಡಿದ ನನಗೆ ತಕ್ಷಣ ನೆನಪಾದದ್ದು ಆ ಅಜ್ಜಿಯ ಒಂದೇ ಶಬ್ದ. ಊರಲ್ಲಿರುವ ನೀವು ಮೊದಲು 'ಫೇಸ್‌ಲೆಸ್ ಕಿಲ್ಲರ್ಸ್' ಓದಿ. ಉಳಿದವನ್ನು ಆಮೇಲೆ ನಿಧಾನವಾಗಿ ಓದಬಹುದು.