ಬಫರ್ ಮದ್ದಿನ ಮಿತಿ

ವರ್ಡ್‌ಪ್ರೆಸ್ ಥೀಮಿಗೆ ನಾವೇ ಬರೆದು ಸೇರಿಸಿದ ಶಾರ್ಟ್‌ಕೋಡ್ ಇಟ್ಟ ಜಾಗ ಬಿಟ್ಟು ಲೇಖನದ ನೆತ್ತಿಗೇರಿದರೆ, ಬಹುತೇಕ ಪಾಠಗಳು ಸೂಚಿಸುವ ಮದ್ದು ಒಂದೇ, ಔಟ್‌ಪುಟ್ ಬಫರ್: ಫಂಕ್ಷನ್ನಿನ ಮೊದಲಲ್ಲಿ ಒಬಿ_ಸ್ಟಾರ್ಟ್, ಕೊನೆಯಲ್ಲಿ ಒಬಿ_ಗೆಟ್_ಕ್ಲೀನ್. ಈ ಮದ್ದಿಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನು ಸಾಲಾಗಿ ಪರಿಚಯಿಸುವ ಪುಟವೊಂದನ್ನು ಊಹಿಸಿಕೊಳ್ಳಿ. ಹಡಗಲಿಯ ಕೆಳಗೆ ಇಟ್ಟ ಮೈಲಾರ ಕಾರಣಿಕದ ಚೌಕಟ್ಟು ಕೂಡ್ಲಿಗಿಯ ಮೇಲೆ ಬಂದು ಕೂತರೆ, ಓದುಗ ಮೈಲಾರವನ್ನು ಕೂಡ್ಲಿಗಿಗೆ ಸೇರಿಸಿಕೊಳ್ಳುತ್ತಾನೆ. 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾದ ಹರಪನಹಳ್ಳಿಯಂಥ ತಾಲ್ಲೂಕಿರುವ ಸೀಮೆಯಲ್ಲಿ ಯಾವ ಸಾಲು ಯಾವ ಊರಿನ ಕೆಳಗಿದೆ ಎಂಬುದು ಸಣ್ಣ ಮಾತಲ್ಲ.

ತಪ್ಪು ಇರುವುದು ಫಂಕ್ಷನ್ನಿನೊಳಗಿನ ಅಚ್ಚಿಸುವ ಆದೇಶವಾದ ಎಕೋದಲ್ಲಿ. ಲೇಖನವಿಡೀ ಮೊದಲು ಒಂದು ಪಠ್ಯವಾಗಿ ಸಿದ್ಧವಾಗುತ್ತದೆ. ಶಾರ್ಟ್‌ಕೋಡ್ ಇದ್ದಲ್ಲಿ ಅದರ ಫಂಕ್ಷನ್ ಹಿಂತಿರುಗಿಸಿದ್ದು ಕೂರುತ್ತದೆ. ಆಮೇಲಷ್ಟೇ ಥೀಮ್ ಅದನ್ನು ಅಚ್ಚಿಸುತ್ತದೆ. ಎಕೋ ಈ ಸರದಿಗೆ ಕಾಯುವುದಿಲ್ಲ, ಪಠ್ಯ ಸಿದ್ಧವಾಗುತ್ತಿರುವಾಗಲೇ ಹೊರಬೀಳುತ್ತದೆ. ಹಾಗಾಗಿ ಸಿಎಸ್‌ಎಸ್‌ನಿಂದ ಚೌಕಟ್ಟನ್ನು ಕೆಳಗೆ ಎಳೆಯುವವರ ವಾದವನ್ನು ಒಪ್ಪಲಾಗದು. ಕಣ್ಣಿಗೆ ಅದು ಸರಿಯಾಗಿ ಕಾಣಬಹುದು, ಆದರೆ ಬ್ಲಾಕ್ ಎಡಿಟರ್‌ನಲ್ಲಿ ಪುಟ ಉಳಿಸುವಾಗ ಅದೇ ಎಕೋ ಜೇಸನ್ ಉತ್ತರದೊಳಗೆ ಬೆರೆತು ಉಳಿಸುವ ಕೆಲಸವನ್ನೇ ಕೆಡಿಸಬಲ್ಲದು. ಶಾರ್ಟ್‌ಕೋಡ್ ಫಂಕ್ಷನ್ ಏನನ್ನೂ ಅಚ್ಚಿಸಬಾರದು, ಹಿಂತಿರುಗಿಸಬೇಕು ಎಂದು ವರ್ಡ್‌ಪ್ರೆಸ್ ಕೈಪಿಡಿಯೇ ಹೇಳುತ್ತದೆ.

ಬಫರ್ ಎಕೋವನ್ನು ತಡೆದು ಹಿಡಿಯುತ್ತದೆ, ನಿಜ. ಆದರೆ ಎಕೋ ಬರೆಯುವ ಅಭ್ಯಾಸವನ್ನು ಅದು ಹಾಗೇ ಉಳಿಸುತ್ತದೆ. ತೋರಿಸಬೇಕಾದ ಪಟ್ಟಿ ಖಾಲಿಯಿದ್ದಾಗ ಫಂಕ್ಷನ್ ನಡುವೆಯೇ ರಿಟರ್ನ್ ಆಯಿತೆನ್ನಿ: ತೆರೆದ ಬಫರ್ ಮುಚ್ಚುವುದೇ ಇಲ್ಲ. ಈ ಶಾರ್ಟ್‌ಕೋಡ್ ಇನ್ನೊಂದು ಶಾರ್ಟ್‌ಕೋಡಿನ ಒಳಗಿದ್ದರೆ, ಹೊರಗಿನದು ತನ್ನದೆಂದು ಮುಚ್ಚುವುದು ಒಳಗಿನ ಬಫರನ್ನು. ಹೊರಗಿನ ಚೌಕಟ್ಟಿನ ಮೊದಲರ್ಧ ಮತ್ತೆ ನೆತ್ತಿಗೇರುತ್ತದೆ, ಉಳಿದರ್ಧ ತನ್ನ ಜಾಗದಲ್ಲಿ ನಿಲ್ಲುತ್ತದೆ. ಈ ದೋಷ ಪಟ್ಟಿ ಖಾಲಿಯಾದ ದಿನ ಮಾತ್ರ ಕಾಣುವುದರಿಂದ ಹುಡುಕುವುದು ಮೊದಲಿನದಕ್ಕಿಂತ ಕಷ್ಟ.

ಉದ್ದದ ಎಚ್‌ಟಿಎಂಎಲ್ ಅನ್ನು ಉದ್ಧರಣ ಚಿಹ್ನೆಗಳ ನಡುವೆ ತುರುಕಿದರೆ ಓದಲಾಗದು ಎಂಬ ಆಕ್ಷೇಪದಲ್ಲಿ ತಿರುಳಿದೆ. ಗೆಟ್_ಟೆಂಪ್ಲೇಟ್_ಪಾರ್ಟ್ ಅಚ್ಚಿಸುವುದನ್ನಷ್ಟೇ ಬಲ್ಲದು; ಅಲ್ಲಿ ಬಫರ್ ಬೇಕೇ ಬೇಕು. ಆದರೆ ಶೀರ್ಷಿಕೆಗೆ ದಿ_ಟೈಟಲ್ ಬದಲು ಗೆಟ್_ದಿ_ಟೈಟಲ್ ಇರುವಾಗ, ಚಿತ್ರಕ್ಕೆ ಗೆಟ್_ದಿ_ಪೋಸ್ಟ್_ಥಂಬ್‌ನೇಲ್ ಇರುವಾಗ, ಬಫರಿನ ಮೊರೆ ಹೋಗಲು ಕಾರಣವಿಲ್ಲ. ಮೈಲಾರದ ಚೌಕಟ್ಟನ್ನು ಒಂದೇ ವೇರಿಯಬಲ್‌ನಲ್ಲಿ ಕಟ್ಟುತ್ತಾ ಹೋಗಿ ಕಡೆಯ ಸಾಲಿನಲ್ಲಿ ಹಿಂತಿರುಗಿಸಬಹುದು. ವಿವರವಿಲ್ಲದಿದ್ದರೆ ಖಾಲಿ ಪಠ್ಯವನ್ನು ಹಿಂತಿರುಗಿಸಬಹುದು. ಆಗ ಮುಚ್ಚಲು ಮರೆಯುವಂಥದ್ದು ಏನೂ ಉಳಿಯುವುದಿಲ್ಲ.